ಬಂಡೆಯ ಹಬ್ಬವೂ ಹಗ್ಗದ ವಿದ್ಯೆಯೂ

ಅಕ್ಷರಜ್ಞಾನವೊಂದೇ ವಿದ್ಯೆ ಎಂಬ ಭಾವನೆ ಈ ನಾಡಿನ ಹಿರಿಯರಲ್ಲಿ ಎಂದೂ ಇದ್ದಿಲ್ಲ. ಊರಿಗೊಂದು ಮಠ, ಮಠದ ಆಶ್ರಯದಲ್ಲೊಂದು ಪಾಠಶಾಲೆ, ಕೂಗಳತೆಯಲ್ಲಿಯೇ ಒಂದು ಗರಡಿಮನೆ; ಇವು ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಒಂದೇ ಬದುಕಿನ ಅಂಗಗಳಾಗಿದ್ದವು. ಮುಂಜಾನೆ ಸಾಮು ಮಾಡಿದ ಹುಡುಗನೇ ಹಗಲು ಪಾಟಿ ಹಿಡಿದು ಕುಳಿತುಕೊಳ್ಳುತ್ತಿದ್ದನು. ಕುಸ್ತಿ, ಸಂಗ್ರಾಣಿ ಕಲ್ಲು, ಮಲ್ಲಕಂಬಗಳಿಲ್ಲದ ಜಾತ್ರೆ ಸಪ್ಪೆಯೆನಿಸುತ್ತಿತ್ತು. ಇಂದು ಶಾಲೆಗಳು ಬೆಳೆದಿವೆ, ಕಟ್ಟಡಗಳು ಎದ್ದಿವೆ, ಫಲಿತಾಂಶದ ಚಿಂತೆಯೂ ಅವುಗಳೊಡನೆ ಬೆಳೆದಿದೆ. ಆದರೆ ಹತ್ತನೆಯ ತರಗತಿಯ ಮಗುವಿನ ಕೈ ಲೇಖನಿಯನ್ನೂ ಮೊಬೈಲನ್ನೂ ಬಿಟ್ಟರೆ ಬೇರೇನನ್ನೂ ಗಟ್ಟಿಯಾಗಿ ಹಿಡಿಯುವ ಅಭ್ಯಾಸವನ್ನು ಕಳೆದುಕೊಳ್ಳುತ್ತಿದೆ. ಆಟದ ಅವಧಿ ವೇಳಾಪತ್ರಿಕೆಯಲ್ಲಿ ಉಳಿದಿದ್ದರೂ ಪರೀಕ್ಷೆ ಸಮೀಪಿಸಿದಂತೆ ಅದು ಗಣಿತಕ್ಕೋ ವಿಜ್ಞಾನಕ್ಕೋ ಸಾಲವಾಗಿ ಹೋಗುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು.

ಇಂಥ ಸಮಯದಲ್ಲಿ ಶಿಲಾರೋಹಣ, ಎಂದರೆ ಬಂಡೆ ಏರುವ ಸಾಹಸಕ್ರೀಡೆ, ಶಾಲೆಗಳ ಬಾಗಿಲಿಗೆ ಬಂದು ನಿಂತಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಮಠಾಶ್ರಿತ ಶಾಲೆಗಳು ಒಟ್ಟುಗೂಡಿ ವರ್ಷಕ್ಕೊಮ್ಮೆ ಶಿಲಾರೋಹಣದ ಉತ್ಸವವನ್ನು ನಡೆಸಬಹುದೇ? ನಡೆಸಿದರೆ ಅದರ ಸ್ವರೂಪವೇನಾಗಿರಬೇಕು? ಇದು ವಿಚಾರಾರ್ಹವಾದ ಪ್ರಶ್ನೆ. ನಡೆಸಬಹುದು, ನಡೆಸಲೂಬೇಕು. ಆದರೆ ಅದಕ್ಕೆ ಎರಡು ನಿಬಂಧನೆಗಳುಂಟು. ಎತ್ತರಕ್ಕಿಂತ ಮೊದಲು ಹಗ್ಗವನ್ನು ಕಲಿಸಬೇಕು. ಏರಿದ ಬಂಡೆಯ ಋಣವನ್ನು ತೀರಿಸಿಯೇ ಮನೆಗೆ ಮರಳಬೇಕು. ಈ ಎರಡಕ್ಕೂ ಒಪ್ಪದ ಉತ್ಸವ ನಡೆಯದಿರುವುದೇ ಲೇಸು.

ಶಿಲಾರೋಹಣ ಭಾರತಕ್ಕೆ ತೀರ ಹೊಸದಲ್ಲ. 1953ರಲ್ಲಿ ತೇನ್ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಶಿಖರವನ್ನೇರಿದ ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಅಲ್ಲಿ ಕಲಿತ ಬಚೇಂದ್ರಿ ಪಾಲ್ ಅವರು 1984ರಲ್ಲಿ ಎವರೆಸ್ಟನ್ನೇರಿದ ಮೊದಲ ಭಾರತೀಯ ಮಹಿಳೆಯಾದರು. ಹಿಮದ ಮೇಲೆ ಕಾಲಿಡುವ ಮುನ್ನ ಬಂಡೆಯ ಮೇಲೆ ಕೈಯಿಡುವುದನ್ನು ಕಲಿಯಬೇಕೆಂಬುದು ಈ ಸಂಸ್ಥೆಗಳ ಪಾಠಕ್ರಮ. ಕರ್ನಾಟಕದಲ್ಲಿ ಕೊಡಗಿನ ಸುಪುತ್ರ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ತರುಣರಿಗೆ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ. 2020ರ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. 2024ರ ಪ್ಯಾರಿಸ್ ಕೂಟದಲ್ಲಿ ವೇಗದ ಆರೋಹಣಕ್ಕೆ ಪ್ರತ್ಯೇಕ ಪದಕವೇ ಮೀಸಲಾಯಿತು. ಆದುದರಿಂದ ಇದು ಕೆಲವರ ವಿಚಿತ್ರ ಹವ್ಯಾಸವೆಂದು ತಳ್ಳಿಹಾಕುವ ಕಾಲ ಕಳೆದುಹೋಗಿದೆ.

ಆದರೂ ಪಾಲಕರ ಆಕ್ಷೇಪಗಳು ನಿರ್ಲಕ್ಷಿಸತಕ್ಕವಲ್ಲ. ಮಗು ಬಿದ್ದರೆ ಹೊಣೆಯಾರು ಎಂಬುದು ಮೊದಲನೆಯ ಪ್ರಶ್ನೆ. ಇದು ಪಟ್ಟಣದ ಉಳ್ಳವರ ಆಟ, ರೈತನ ಮಕ್ಕಳಿಗೆ ಇದರಿಂದೇನು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಹಗ್ಗದ ವಿದ್ಯೆಯಲ್ಲಿ ಈ ಭಾಗದ ರೈತರನ್ನು ಮೀರಿಸಿದವರು ಯಾರು? ಎತ್ತಿಗೆ ಕಣ್ಣಿ ಕಟ್ಟುವಾಗ, ಮೇವಿನ ಬಂಡಿಗೆ ಮಿಣಿ ಬಿಗಿಯುವಾಗ, ಎಳೆದಷ್ಟೂ ಬಿಗಿಯುವ ಜೀರುಗುಣಿಕೆಯನ್ನೂ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನೂ ಅವರು ಕಣ್ಣು ಮುಚ್ಚಿ ಹಾಕಬಲ್ಲರು. ಎತ್ತುಗಳಿಂದ ನೀರೆತ್ತುತ್ತಿದ್ದ ಬಾವಿಗಳ ಕಾಲದಲ್ಲಿ ಬೇಸಗೆ ಬಂದಾಗ ಹಗ್ಗ ಹಿಡಿದು ಆಳಕ್ಕಿಳಿದು ಹೂಳೆತ್ತುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳೇ ಇಂದಿನ ವಿದ್ಯಾರ್ಥಿಗಳು. ಹಗ್ಗದ ಮಲ್ಲಕಂಬದ ಮೇಲೆ ಬರಿಗಾಲಿನ ಹೆಬ್ಬೆರಳ ಸಂದಿಯಲ್ಲಿ ಹಗ್ಗವನ್ನು ಕಚ್ಚಿ ಹಿಡಿದು ತೂಗಾಡುವ ಬಾಲಕಿಯರನ್ನು ಕಂಡವರು, ಬಂಡೆ ಏರುವುದು ಪರದೇಶದ ವಿದ್ಯೆಯೆಂದು ಹೇಳಲಾರರು. ಹೊರಗಿನಿಂದ ಬಂದಿರುವುದು ಸಲಕರಣೆ ಮಾತ್ರ. ಹಗ್ಗ ಹಿಡಿಯುವ ಕೈ ಮನೆಯದೇ.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ತರಬೇತಿಯ ಕ್ರಮದಲ್ಲಿಯೇ ಹುಡುಕಬೇಕು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಬರಿಗೈಯಿಂದ ಏರಿ ಹೆಸರಾದ ಜ್ಯೋತಿರಾಜ್ ಅವರ ಸಾಹಸವನ್ನು ಕಂಡು ಬೆರಗಾಗದವರು ವಿರಳ. ಅಂಥ ಶಕ್ತಿ ಒಬ್ಬ ವ್ಯಕ್ತಿಯ ಅಸಾಮಾನ್ಯ ಸಿದ್ಧಿ. ಅದಕ್ಕೆ ತಲೆಬಾಗುವುದು ಉಚಿತ. ಅದನ್ನು ಮಕ್ಕಳು ಅನುಕರಿಸುವಂತೆ ಮಾಡುವುದು ಅನುಚಿತ. ಶಾಲೆಯ ಶಿಲಾರೋಹಣದಲ್ಲಿ ಹಗ್ಗವಿಲ್ಲದೆ ಒಂದಾಳಿನ ಎತ್ತರವನ್ನೂ ಮೀರಕೂಡದು. ಅಲ್ಲಿಯ ಕ್ರಮ ಹೀಗಿರುತ್ತದೆ: ಬಂಡೆಯ ನೆತ್ತಿಯಲ್ಲಿ ಭದ್ರವಾದ ಎರಡು ಆಧಾರಗಳಿಗೆ ಕೊಂಡಿಗಳನ್ನು ಸಿಕ್ಕಿಸಿ, ಅವುಗಳ ಮೂಲಕ ಹಗ್ಗವನ್ನು ಹಾಯಿಸಿರುತ್ತಾರೆ. ಹಗ್ಗದ ಒಂದು ತುದಿ ಏರುವವನ ಸೊಂಟದ ಪಟ್ಟಿಗೆ ಎಂಟರ ಆಕಾರದ ಗಂಟಿನಿಂದ ಬಿಗಿದಿರುತ್ತದೆ. ಇನ್ನೊಂದು ಭಾಗ ನೆಲದ ಮೇಲೆ ನಿಂತ ಜೊತೆಗಾರನ ಸೊಂಟಕ್ಕೆ ತಗುಲಿಸಿದ ತಡೆಯ ಸಾಧನದಲ್ಲಿ ಹಾದು ಅವನ ಕೈಯಲ್ಲಿರುತ್ತದೆ. ಏರುವವನು ಒಂದು ಮೊಳ ಮೇಲೇರಿದರೆ ಕೆಳಗಿನವನು ಒಂದು ಮೊಳ ಹಗ್ಗವನ್ನು ಸೆಳೆದುಕೊಳ್ಳುತ್ತಾನೆ. ಮೇಲಿನವನ ಕೈ ಜಾರಿದ ಕ್ಷಣದಲ್ಲಿ ಹಗ್ಗ ಅಲ್ಲಿಯೇ ಬಿಗಿದು ಅವನನ್ನು ಹಿಡಿದು ನಿಲ್ಲಿಸುತ್ತದೆ. ತಡೆಯ ಬದಿಯ ಹಗ್ಗದಿಂದ ಕೆಳಗಿನವನು ಒಂದು ನಿಮಿಷವೂ ಕೈ ತೆಗೆಯುವಂತಿಲ್ಲ.

ಇದರಿಂದ ತಿಳಿದುಬರುವುದೇನೆಂದರೆ, ಶಿಲಾರೋಹಣದಲ್ಲಿ ಹೆಚ್ಚಿನ ಹೊಣೆಯಿರುವುದು ನೆಲದ ಮೇಲೆ ನಿಂತವನಿಗೆ. ಚಪ್ಪಾಳೆ ಏರಿದವನಿಗೆ ದೊರೆಯುತ್ತದೆ. ಆದರೆ ಅವನ ಜೀವವಿರುವುದು ಕೆಳಗಿನವನ ಮುಷ್ಟಿಯಲ್ಲಿ. ಏರುವ ಮೊದಲು ಇಬ್ಬರೂ ಒಬ್ಬರ ಗಂಟನ್ನು ಮತ್ತೊಬ್ಬರು ಮುಟ್ಟಿ ನೋಡಬೇಕೆಂಬ ನಿಯಮವುಂಟು. ಎಷ್ಟೇ ನುರಿತವನಾದರೂ ಅದರಿಂದ ವಿನಾಯಿತಿಯಿಲ್ಲ. ಊರ ಗೌಡರ ಮಗ ಮೇಲಿರಲಿ, ಕಬ್ಬು ಕಡಿಯುವ ಕೂಲಿಕಾರರ ಮಗಳು ಕೆಳಗಿರಲಿ. ಹಗ್ಗಕ್ಕೆ ಆ ಭೇದ ತಿಳಿಯದು. ಮರುಗಳಿಗೆ ಆಕೆ ಮೇಲೆ, ಆತ ಕೆಳಗೆ. ಶರಣರು ಹನ್ನೆರಡನೆಯ ಶತಮಾನದಲ್ಲಿ ಸಾಧಿಸಿ ತೋರಿಸಿದ ಸಮಾನತೆಯನ್ನು ಪಠ್ಯಪುಸ್ತಕದಿಂದ ಕಂಠಪಾಠ ಮಾಡಿಸುವ ಶಾಲೆಗೆ, ಅದನ್ನು ಅಂಗೈಯಿಂದ ಕಲಿಸುವ ಇಂಥ ಅವಕಾಶ ಬೇರೆಲ್ಲಿ ದೊರೆತೀತು? ಹುಡುಗಿಯರನ್ನು ಈ ಕ್ರೀಡೆಯಿಂದ ಹೊರಗಿಡುವ ಮಾತು ಇಲ್ಲಿ ಏಳಲೇಬಾರದು. ತೋಳಿನ ಬಲಕ್ಕಿಂತ ಸಮತೋಲ, ಕಾಲಿನ ನೆಲೆ, ಎಚ್ಚರ ಇವುಗಳೇ ಬಂಡೆಯ ಮೇಲೆ ಕಾಯುವ ಗುಣಗಳು.

ಹಾಗಾದರೆ ಉತ್ಸವದ ಮೊದಲ ದಿನ ಯಾರೂ ಬಂಡೆಯನ್ನು ಏರಕೂಡದು. ಆ ದಿನವೆಲ್ಲ ಗಂಟು ಹಾಕುವುದು, ಬಿಚ್ಚುವುದು, ಹಗ್ಗವನ್ನು ಸುರುಳಿ ಸುತ್ತುವುದು, ಜೊತೆಗಾರನ ಗಂಟನ್ನು ಪರೀಕ್ಷಿಸುವುದು, ಬಿದ್ದವನನ್ನು ಅಲುಗಿಸದೆ ಹೊರುವುದು ಇವುಗಳ ಅಭ್ಯಾಸ ನಡೆಯಬೇಕು. ಎರಡನೆಯ ದಿನ ಆಳೆತ್ತರದ ಗುಂಡುಗಳ ಮೇಲೆ ಕಾಲಿಡುವ ಕ್ರಮ. ಆಮೇಲೆ ಮಾತ್ರ ಹಗ್ಗದೊಡನೆ ಎತ್ತರ. ಬಹುಮಾನಗಳಿರುವುದಾದರೆ ಮೊದಲ ಬಹುಮಾನ ವೇಗವಾಗಿ ಏರಿದವನಿಗೆ ಹೋಗದೆ, ಮೂರು ದಿನವೂ ಒಂದು ತಪ್ಪಿಲ್ಲದೆ ಜೊತೆಗಾರನ ಹಗ್ಗ ಕಾಯ್ದವನಿಗೆ ಸಲ್ಲಲಿ. ಇದನ್ನು ಕೇಳಿ ಮಕ್ಕಳಿಗೆ ನಿರಾಶೆಯಾಗಬಹುದು. ಸ್ವಲ್ಪ ನಿರಾಶೆಯೂ ಶಿಕ್ಷಣದ ಅಂಗವೇ.

ಈ ಐದು ತಾಲೂಕುಗಳಲ್ಲಿ ಹಗ್ಗದ ವಿದ್ಯೆಗೆ ಇನ್ನೊಂದು ಕಾರಣವುಂಟು. ಅದು ಕ್ರೀಡೆಗಿಂತ ದೊಡ್ಡದು. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಈ ಸೀಮೆಯ ಅನ್ನದಾತೆಯರು. ಕಬ್ಬಿನ ಹೊಲಗಳ ಹಸಿರು ಅವರ ಪ್ರಸಾದ. ಆದರೆ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದು ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟೊಡನೆ ಈ ತಾಯಂದಿರ ಮುಖ ಬದಲಾಗುತ್ತದೆ. ಕಲ್ಲೋಳ–ಯಡೂರು, ಕಾರದಗಾ–ಭೋಜ, ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ ಈ ತಗ್ಗುಸೇತುವೆಗಳು ಮುಳುಗಿದ ಸುದ್ದಿ ಮಳೆಗಾಲದಲ್ಲಿ ಬಾರದ ವರ್ಷವೇ ಅಪರೂಪ. 2005ರ ಮಹಾಪೂರವನ್ನು ಕಂಡವರು ಅದನ್ನೇ ಕೊನೆಯದೆಂದು ಭಾವಿಸಿದ್ದರು. 2019ರ ಆಗಸ್ಟಿನಲ್ಲಿ ನದಿಗಳು ಮತ್ತೆ ಊರುಗಳನ್ನು ನುಂಗಿದವು. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆಯ ನೀರು ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಹರಿಯಿತು. ಎರಡು ವರ್ಷ ಕಳೆದು 2021ರಲ್ಲಿ ಪುನಃ ಅದೇ ಗೋಳು. ಮನೆ ಮಠಗಳನ್ನು ಬಿಟ್ಟು ದನಕರುಗಳೊಡನೆ ದಿನಗಟ್ಟಲೆ ಶಾಲೆಗಳ ಕೊಠಡಿಗಳಲ್ಲಿ ಕಳೆದ ಕುಟುಂಬಗಳು ಈ ಸಂಚಿಕೆಯ ವಾಚಕರಿಗೆ ಅಪರಿಚಿತವಲ್ಲ.

ಅಂಥ ಹೊತ್ತಿನಲ್ಲಿ ಸರ್ಕಾರದ ದೋಣಿಯೂ ವಿಪತ್ತು ನಿರ್ವಹಣಾ ದಳವೂ ಬರುವ ಮುನ್ನ ಊರಿನಲ್ಲಿ ಇರುವವರು ಊರವರೇ. ಕೈಯಲ್ಲಿ ಹಗ್ಗವಿರುತ್ತದೆ, ಮನಸ್ಸಿನಲ್ಲಿ ಧೈರ್ಯವೂ ಇರುತ್ತದೆ, ಕ್ರಮ ತಿಳಿದಿರುವುದಿಲ್ಲ. ಕೊಚ್ಚಿ ಹೋಗುತ್ತಿರುವವನನ್ನು ಉಳಿಸಲು ನುಗ್ಗುವ ಧೈರ್ಯಶಾಲಿಯ ಸೊಂಟಕ್ಕೆ ದಂಡೆಯವರು ಹಗ್ಗವನ್ನು ಬಿಗಿಯಾಗಿ ಕಟ್ಟಿಬಿಡುತ್ತಾರೆ. ಹರಿಯುವ ನೀರಿನಲ್ಲಿ ಹಾಗೆ ಕಟ್ಟಿದ ಹಗ್ಗವೇ ಮೃತ್ಯುಪಾಶವಾಗಬಲ್ಲುದು: ಹಗ್ಗ ಬಿಗಿದೊಡನೆ ಪ್ರವಾಹ ಅವನನ್ನು ಮೇಲೇಳಗೊಡದೆ ನೀರಿನೊಳಕ್ಕೆ ಅದುಮುತ್ತದೆ, ಅವನು ಗಂಟನ್ನು ಬಿಚ್ಚಿಕೊಳ್ಳಲಾರನು. ದಂಡೆಯ ಮೇಲೆಯೇ ನಿಂತು ಹಗ್ಗವನ್ನು ಎಸೆಯುವುದು, ನೀರಿನ ಸೆಳೆತದ ಕೆಳದಿಕ್ಕಿನಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳದಿರುವುದು ಇವು ಅಲ್ಪಕಾಲದಲ್ಲಿ ಕಲಿಯಬಹುದಾದ, ಆದರೆ ಕಲಿಯದಿದ್ದರೆ ಪ್ರಾಣಕ್ಕೆರವಾಗುವ ಸಂಗತಿಗಳು. ಬಂಡೆಗೆ ಬಳಸುವ ಹಗ್ಗ ಬಿದ್ದವನ ಭಾರಕ್ಕೆ ಹಿಗ್ಗುವಂಥದು. ಮೇಲೆತ್ತಲು, ಇಳಿಸಲು ಬಳಸುವ ಹಗ್ಗ ಹಿಗ್ಗದಿರುವಂಥದು. ಈ ಭೇದವನ್ನು ಬಲ್ಲ ಇಪ್ಪತ್ತು ತರುಣರು ನದೀತೀರದ ಪ್ರತಿಯೊಂದು ಊರಿನಲ್ಲಿದ್ದರೆ ಸಾಕು. ವಿದ್ಯಾರ್ಥಿಗಳನ್ನು ಮಹಾಪೂರಕ್ಕೆ ಇಳಿಸಬೇಕೆಂದು ಇದರ ಅರ್ಥವಲ್ಲ. ಅದು ಸರ್ವಥಾ ಸಲ್ಲದು. ಇಂದು ಬಂಡೆಯ ಬಳಿ ಹಗ್ಗವನ್ನು ಅರಿತ ಬಾಲಕನು ನಾಳೆ ಊರಿನ ಪ್ರಬುದ್ಧ ಪ್ರಜೆಯಾಗಿ ದಂಡೆಯ ಮೇಲೆ ನಿಂತಾಗ, ಯಾರನ್ನು ನೀರಿಗೆ ಇಳಿಯಗೊಡಬಾರದೆಂಬುದನ್ನಾದರೂ ಹೇಳಬಲ್ಲನು.

ಇನ್ನು ಬಂಡೆ ಎಲ್ಲಿದೆ ಎಂಬ ಪ್ರಶ್ನೆ. ಈ ತಾಲೂಕುಗಳ ನೆಲದಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರುಪದರಾಗಿ ಹೆಪ್ಪುಗಟ್ಟಿದ ಕರಿಕಲ್ಲು. ಎರೆಭೂಮಿ ಅದೇ ಕಲ್ಲು ಸವೆದು ಆದದ್ದು. ಬೆಳೆಗೆ ಇದು ವರವಾದರೂ ಶಿಲಾರೋಹಣಕ್ಕೆ ಅಷ್ಟು ಅನುಕೂಲವಲ್ಲ; ಗುಡ್ಡದ ಬದಿಯ ಕಲ್ಲು ಬಿರುಕುಬಿಟ್ಟು ಕೈಗೆ ಕಿತ್ತುಬರುವುದು ಸಾಮಾನ್ಯ. ತವಂದಿ ಘಟ್ಟದಲ್ಲಿಯೋ ಬೇರೆ ಗುಡ್ಡದಲ್ಲಿಯೋ ಹೇಗಾದರೂ ಏರಿಬಿಡೋಣವೆಂಬ ಉತ್ಸಾಹ ಅಪಾಯಕಾರಿ. ದಕ್ಷಿಣಕ್ಕೆ ಸಾಗಿದಂತೆ ಶಿಲೆಯ ಸ್ವರೂಪ ಬದಲಾಗುತ್ತದೆ. ಘಟಪ್ರಭೆ 52 ಮೀಟರು ಧುಮುಕುವ ಗೋಕಾಕದಲ್ಲಿ ಮರಳುಗಲ್ಲಿನ ಬಂಡೆಗಳು ಕಾಣಿಸಿಕೊಳ್ಳುತ್ತವೆ. ಬಾದಾಮಿಗೆ ಬಂದರೆ ಅವೇ ಕೆಂಪು ಗೋಡೆಗಳಾಗಿ ಎದ್ದು ನಿಲ್ಲುತ್ತವೆ. ಭಾರತದ ಶಿಲಾರೋಹಿಗಳಿಗೆ ಬಾದಾಮಿ ಒಂದು ಕ್ಷೇತ್ರವೇ ಆಗಿದೆ. ವಿದೇಶಗಳಿಂದಲೂ ಅಲ್ಲಿಗೆ ಸಾಧಕರು ಬರುತ್ತಾರೆ. ಆದುದರಿಂದ ಉತ್ಸವದ ಪ್ರಾಥಮಿಕ ಶಿಕ್ಷಣ ಶಾಲೆಗಳ ಅಂಗಳದಲ್ಲಿ, ಮಲ್ಲಕಂಬದ ಬಳಿ ನಡೆಯಲಿ. ಅಲ್ಲಿ ಉತ್ತೀರ್ಣರಾದವರು ಚಳಿಗಾಲದಲ್ಲಿ ಅನುಭವಿ ಶಿಕ್ಷಕರೊಡನೆ ಬಾದಾಮಿಗೆ ಹೋಗಲಿ.

ಬಾದಾಮಿಯ ಹೆಸರನ್ನು ಹೇಳಿದೊಡನೆಯೇ ಎರಡನೆಯ ನಿಬಂಧನೆ ಎದುರಾಗುತ್ತದೆ. ಯಾವ ಕೆಂಪು ಬಂಡೆಗೆ ಇಂದಿನ ತರುಣರು ಕೈಯಿಡುತ್ತಾರೋ ಅದೇ ಬಂಡೆಯನ್ನು ಕೊರೆದು ಚಾಲುಕ್ಯರು 578ರಲ್ಲಿ ಮೂರನೆಯ ಗುಹಾಲಯವನ್ನು ಪೂರೈಸಿದರು. ಅದೇ ಶಿಲೆ ಒಬ್ಬರಿಗೆ ದೇಗುಲ, ಒಬ್ಬರಿಗೆ ಇತಿಹಾಸ, ಒಬ್ಬರಿಗೆ ಕ್ರೀಡಾಂಗಣ, ಹೆಜ್ಜೇನಿಗೂ ಹದ್ದಿಗೂ ಮನೆ. ಸಂರಕ್ಷಿತ ಸ್ಮಾರಕಗಳನ್ನು ಕಾಯಲು 1958ರ ಕಾಯಿದೆಯಿದೆ. ಆದರೆ ಕಾಯಿದೆಯ ಕಣ್ಣು ತಲುಪದ ಕಡೆ ಕಾಯಬೇಕಾದುದು ಏರುವವನ ವಿವೇಕವೇ. ಮರಳುಗಲ್ಲು ಮಳೆಯಲ್ಲಿ ನೀರು ಕುಡಿದು ದುರ್ಬಲವಾಗುತ್ತದೆ. ಒಣಗುವ ಮುನ್ನ ಅದನ್ನು ಏರಿದರೆ ಹಿಡಿಯಲು ಇರುವ ಅಂಚೇ ಮುರಿದು ಬೀಳುತ್ತದೆ. ಒಮ್ಮೆ ಮುರಿದ ಅಂಚು ಮತ್ತೆ ಮೂಡದು. ಜರ್ಮನಿಯ ಎಲ್ಬೆ ನದಿಯ ಮರಳುಗಲ್ಲಿನ ಸೀಮೆಯಲ್ಲಿ ಇದನ್ನರಿತ ಶಿಲಾರೋಹಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತಮಗೆ ತಾವೇ ಕಟ್ಟುಪಾಡುಗಳನ್ನು ವಿಧಿಸಿಕೊಂಡರು. ಒದ್ದೆಯಾದ ಬಂಡೆಯನ್ನು ಅಲ್ಲಿ ಯಾರೂ ಏರುವಂತಿಲ್ಲ. ಬಿರುಕುಗಳಲ್ಲಿ ಲೋಹದ ಬೆಣೆಗಳನ್ನು ಸಿಕ್ಕಿಸದೆ, ಗಂಟು ಹಾಕಿದ ಹುರಿಯನ್ನೇ ಸಿಕ್ಕಿಸಿ ಆಧಾರ ಮಾಡಿಕೊಳ್ಳುತ್ತಾರೆ. ಕೈಗೆ ಹಚ್ಚುವ ಬಿಳಿಯ ಪುಡಿಯೂ ನಿಷಿದ್ಧ.

ಇನ್ನೊಂದು ಉದಾಹರಣೆ ಕಾಯಕ ತತ್ತ್ವವನ್ನು ನಂಬಿದವರಿಗೆ ವಿಶೇಷವಾಗಿ ಮನನೀಯ. ಅಮೆರಿಕದ ಇವಾನ್ ಶುನಾರ್ಡ್ 1957ರಲ್ಲಿ ಹಳೆಯ ಕುಲುಮೆಯೊಂದನ್ನು ಕೊಂಡು, ತಾನೇ ಕಮ್ಮಾರಿಕೆಯನ್ನು ಕಲಿತು, ಬಂಡೆಯ ಬಿರುಕಿಗೆ ಹೊಡೆಯುವ ಉಕ್ಕಿನ ಮೊಳೆಗಳನ್ನು ಮಾಡಿ ಮಾರತೊಡಗಿದನು. ವ್ಯಾಪಾರ ಬೆಳೆಯಿತು, ಆ ದೇಶದ ಶಿಲಾರೋಹಿಗಳೆಲ್ಲ ಅವನ ಗಿರಾಕಿಗಳಾದರು. ಆದರೆ ಒಂದೇ ಬಿರುಕಿಗೆ ನೂರಾರು ಬಾರಿ ಮೊಳೆ ಹೊಡೆದು ಕೀಳುವುದರಿಂದ ಯೊಸೆಮಿಟಿಯ ಗಟ್ಟಿಯಾದ ಬಂಡೆಗಳೂ ಗಾಯಗೊಂಡುದನ್ನು ಅವನು ಕಂಡನು. ತನ್ನ ವ್ಯಾಪಾರದ ಬಹುಪಾಲು ಆ ಮೊಳೆಗಳಿಂದಲೇ ನಡೆಯುತ್ತಿದ್ದರೂ, ಅವನ ಸಂಸ್ಥೆ 1972ರ ಮಾರಾಟಪಟ್ಟಿಯಲ್ಲಿಯೇ ಮೊಳೆಗಳನ್ನು ಬಿಡಿರೆಂದು ಗಿರಾಕಿಗಳಿಗೆ ಹೇಳಿತು. ಸುತ್ತಿಗೆಯಿಲ್ಲದೆ ಕೈಯಿಂದಲೇ ಇಟ್ಟು ತೆಗೆಯಬಹುದಾದ ಬೆಣೆಗಳನ್ನು ಅವುಗಳ ಬದಲಿಗೆ ಒದಗಿಸಿತು. ತನ್ನ ಕಾಯಕದಿಂದ ಇನ್ನೊಂದಕ್ಕೆ ಕೇಡಾಗುತ್ತಿದೆಯೆಂದು ತಿಳಿದಾಗ ಕಾಯಕದ ರೀತಿಯನ್ನೇ ತಿದ್ದಿಕೊಳ್ಳುವುದು ಸಾಮಾನ್ಯ ಗುಣವಲ್ಲ. 1991ರಲ್ಲಿ ಅದೇ ದೇಶದಲ್ಲಿ ಸ್ಥಾಪಿತವಾದ ಆಕ್ಸೆಸ್ ಫಂಡ್ ಎಂಬ ಸಂಸ್ಥೆ, ಏರುವವರೇ ಒಂದೊಂದು ಬಂಡೆಯನ್ನು ದತ್ತು ಪಡೆದಂತೆ ಭಾವಿಸಿ ವರ್ಷಕ್ಕೊಮ್ಮೆ ಅದರ ದಾರಿಯನ್ನು ಸರಿಪಡಿಸುವ, ಕಸವನ್ನು ತೆಗೆಯುವ ಸಂಪ್ರದಾಯವನ್ನು ಬೆಳೆಸಿದೆ.

ಕರ್ನಾಟಕದಲ್ಲಿಯೂ ಎಚ್ಚರಿಕೆಯ ಪಾಠಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಸಮೀಪದ ರಾಮನಗರದ ಬಂಡೆಗಳು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಿಂದ ಲೋಕಪ್ರಸಿದ್ಧವಾದವು. ಶಿಲಾರೋಹಿಗಳಿಗೂ ಅವು ಪ್ರಿಯವಾದವು. ಆದರೆ ಅಲ್ಲಿಯ ರಾಮದೇವರ ಬೆಟ್ಟದ ಕಡಿದಾದ ಮೈಯಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ನೋವಿನ ಮದ್ದಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು; 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಆ ಮದ್ದನ್ನು ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಗೂಡಿನ ಬಳಿ ಮನುಷ್ಯನ ಸುಳಿದಾಟವಾದರೆ ತಾಯಿ ಹಕ್ಕಿ ಮೊಟ್ಟೆಯನ್ನು ತೊರೆಯಬಹುದು. ಅಲ್ಲಿ ಏರದಿರುವುದೇ ದೊಡ್ಡ ಸಾಹಸ. ಹಂಪಿಯ ಕಥೆ ಬೇರೆ ರೀತಿಯದು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ತಾಣ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಅಮೆರಿಕದ ಶಿಲಾರೋಹಿ ಕ್ರಿಸ್ ಶರ್ಮ ಹಂಪಿಯ ಗುಂಡುಗಳನ್ನೇರಿದ ಚಿತ್ರ 2003ರಲ್ಲಿ ಬಂದಮೇಲೆ ದೇಶವಿದೇಶಗಳ ಏರುಗರು ತುಂಗಭದ್ರೆಯ ಆಚೆಯ ದಡವನ್ನು ಹುಡುಕಿಕೊಂಡು ಬರತೊಡಗಿದರು. ಅವರೂ ಇತರ ಪ್ರವಾಸಿಗರೂ ತಂಗುತ್ತಿದ್ದ ವಿರೂಪಾಪುರಗಡ್ಡೆಯ ವಸತಿಗೃಹಗಳು ಪರಂಪರೆಯ ವಲಯದ ನಿಯಮಕ್ಕೆ ವಿರುದ್ಧವೆಂದು ನ್ಯಾಯಾಲಯದ ತೀರ್ಪಾಗಿ 2020ರಲ್ಲಿ ನೆಲಸಮವಾದವು. ಮೊದಲೇ ನಿಯಮವನ್ನು ಅರಿತು ಮಿತಿಯಲ್ಲಿ ನಡೆದಿದ್ದರೆ ಸ್ಥಳಿಕರು ಇಷ್ಟು ಕಳೆದುಕೊಳ್ಳಬೇಕಾಗುತ್ತಿರಲಿಲ್ಲ.

ಜನ ಕೂಡುವೆಡೆಯಲ್ಲಿ ಕಸವೂ ಕೂಡುತ್ತದೆಂಬುದನ್ನು ಜಾತ್ರೆಗಳ ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆಯಿರಲಿ, ಯಡೂರಿನ ವೀರಭದ್ರನ ಸನ್ನಿಧಿಯಿರಲಿ, ಭಕ್ತರು ಹೊತ್ತು ತರುವುದು ಭಕ್ತಿ, ಬಿಟ್ಟುಹೋಗುವುದು ಪ್ಲಾಸ್ಟಿಕ್ಕು. ಬಂಡೆಯ ಹಬ್ಬವೂ ಅದೇ ಹಾದಿ ಹಿಡಿದರೆ ಹಬ್ಬವೆನ್ನುವ ಹೆಸರಿಗೆ ಅರ್ಥವಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ತಮ್ಮ ಶಿವಯೋಗವನ್ನು ಕೆರೆ ಕಟ್ಟುವ ಕಾಯಕದಿಂದ ಆರಂಭಿಸಿದರು. ಅಥಣಿಯಿಂದ ದೂರವಲ್ಲದ ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ. ನೆಲದಿಂದ ಪಡೆದುದನ್ನು ನೆಲಕ್ಕೆ ಮರಳಿಸಬೇಕೆಂಬ ಈ ದಾಸೋಹದ ಪಾಠವನ್ನು ಉತ್ಸವದ ಕಾರ್ಯಕ್ರಮದಲ್ಲಿಯೇ ಅಳವಡಿಸಬೇಕು. ಎರಡು ದಿನ ಬಂಡೆಯನ್ನೇರಿದ ತಂಡ ಮೂರನೆಯ ದಿನ ಅದರ ಬುಡದಲ್ಲಿ ದುಡಿಯಲಿ: ಕಾಲುದಾರಿ ಮಳೆಗೆ ಕೊಚ್ಚದಂತೆ ಕಲ್ಲು ಜೋಡಿಸಲಿ, ಬಿಳಿಯ ಪುಡಿಯ ಗುರುತುಗಳನ್ನು ಉಜ್ಜಿ ತೆಗೆಯಲಿ, ತಾವು ತಂದುದನ್ನಷ್ಟೇ ಅಲ್ಲದೆ ಇತರರು ಎಸೆದುದನ್ನೂ ಹೊತ್ತು ತರಲಿ. ಬಂಡೆಗೆ ಬಣ್ಣದಿಂದ ಹೆಸರು ಬರೆಯುವವನಿಗೆ ಮರುವರ್ಷ ಪ್ರವೇಶವಿಲ್ಲವೆಂಬ ನಿಯಮವಿರಲಿ.

ಇದಕ್ಕೆಲ್ಲ ಬೇಕಾದುದೇನು? ಕೋಟಿಗಟ್ಟಲೆ ಹಣವಲ್ಲ. ದಾನಿಗಳಲ್ಲಿ ಸಾಮಾನ್ಯವಾಗಿ ಕಟ್ಟಡದ ಕಡೆಗೆ ಒಲವು ಹೆಚ್ಚು. ಗೋಡೆಯ ಮೇಲೆ ಹೆಸರಿನ ಕಲ್ಲು ನಿಲ್ಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆ ಔದಾರ್ಯದಿಂದಲೇ ಈ ಶಾಲೆಗಳು ನಿಂತಿವೆ. ಆದರೆ ಹಗ್ಗದ ಮೇಲೆ ದಾನಿಯ ಹೆಸರನ್ನು ಕೆತ್ತಲಾಗದು. ಹಗ್ಗಕ್ಕೆ ಆಯುಷ್ಯವೂ ಕಡಮೆ: ಬಳಸದೆ ಇಟ್ಟರೂ ಹತ್ತು ವರ್ಷಗಳಾಚೆಗೆ ಅದನ್ನು ನಂಬುವಂತಿಲ್ಲ, ಸತತವಾಗಿ ಬಳಸಿದರೆ ವರ್ಷದೊಳಗೇ ತೆಗೆದುಹಾಕಬೇಕಾಗಬಹುದು. ಬಿಸಿಲು, ಮಣ್ಣು, ಬ್ಯಾಟರಿಯ ಆಮ್ಲ ಇವು ಅದರ ಶತ್ರುಗಳು. ಹೊರಗೆ ಹೊಚ್ಚ ಹೊಸದಾಗಿ ಕಂಡರೂ ಒಳಗಿನ ಎಳೆ ಕಡಿದಿರಬಹುದು. ಹಳೆಯ ಹಗ್ಗವನ್ನು ಎಸೆಯಲು ಮನಸ್ಸಾಗದೆ ಉಳಿಸಿಕೊಂಡ ಮಿತವ್ಯಯ ಒಂದು ಮಗುವಿನ ಜೀವಕ್ಕೆ ಮುಳುವಾದೀತು. ಆದುದರಿಂದ ಒಮ್ಮೆ ಕೊಟ್ಟು ಮರೆಯುವ ದಾನ ಇಲ್ಲಿ ಸಾಲದು. ಹಗ್ಗ, ಶಿರಸ್ತ್ರಾಣ, ಸೊಂಟದ ಪಟ್ಟಿಗಳನ್ನು ಕಾಲಕಾಲಕ್ಕೆ ಬದಲಾಯಿಸಲು, ಶಿಕ್ಷಕರ ಗೌರವಧನಕ್ಕೆ, ವಿಮೆಗೆ, ಬಡಮಕ್ಕಳ ಪ್ರಯಾಣಕ್ಕೆ ವರ್ಷವರ್ಷವೂ ಬಡ್ಡಿ ಬರುವಂಥ ಒಂದು ಸಣ್ಣ ಶಾಶ್ವತ ನಿಧಿ ಬೇಕು.

ಹಳೆಯ ವಿದ್ಯಾರ್ಥಿಗಳ ಪಾಲಿಗೂ ಕೆಲಸವುಂಟು. ಈ ತಾಲೂಕುಗಳಿಂದ ಸೈನ್ಯಕ್ಕೆ ಸೇರಿ ಹಿಮಾಲಯದ ಗಡಿಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿ ಮರಳಿದವರು ಅನೇಕರಿದ್ದಾರೆ. ಹಗ್ಗ ಹಿಡಿದು ಕಡಿದಾದ ಇಳಿಜಾರನ್ನು ದಾಟಿದ ಅವರ ಅನುಭವ ಊರಿನ ಕಟ್ಟೆಯ ಮೇಲೆ ಕಥೆಯಾಗಿಯೇ ಮುಗಿಯಬಾರದು. ಅಂಥವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಹೊಸ ಕ್ರಮವನ್ನು ಒಮ್ಮೆ ಅಭ್ಯಸಿಸಿ ಮಕ್ಕಳ ಮುಂದೆ ನಿಂತರೆ, ಶಿಸ್ತಿನ ಬಗ್ಗೆ ಬೇರೆ ಉಪನ್ಯಾಸ ಬೇಡ. ಅಧ್ಯಾಪಕರಲ್ಲಿ ಒಬ್ಬರಾದರೂ, ಒಬ್ಬ ಅಧ್ಯಾಪಕಿಯಾದರೂ, ಇದರಲ್ಲಿ ಸಂಪೂರ್ಣ ತರಬೇತಿ ಪಡೆಯದ ಹೊರತು ಯಾವ ಶಾಲೆಯೂ ಮಕ್ಕಳನ್ನು ಬಂಡೆಯ ಬಳಿಗೆ ಕರೆದೊಯ್ಯಬಾರದು. ವರ್ಷ ತಡವಾದರೆ ಆಗಲಿ. ಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಂತಿಮವಾಗಿ ಒಂದು ಮಾತು. ಎತ್ತರಕ್ಕೇರಬೇಕೆಂಬ ಆಸೆ ಮಕ್ಕಳಲ್ಲಿ ಸಹಜವಾಗಿಯೇ ಇದೆ, ಅದನ್ನು ಕಲಿಸಬೇಕಾಗಿಲ್ಲ. ಬೇವಿನ ಮರ, ನೀರಿನ ಟಾಕಿ, ಶಾಲೆಯ ಹಿಂದಿನ ಗೋಡೆ ಎಲ್ಲವನ್ನೂ ಅವರು ಹಿರಿಯರ ಕಣ್ಣು ತಪ್ಪಿಸಿ ಏರುತ್ತಲೇ ಇದ್ದಾರೆ. ಕಲಿಸಬೇಕಾದುದು ಇನ್ನೊಬ್ಬನು ಏರುವಾಗ ಕೆಳಗೆ ನಿಂತು ಹಗ್ಗವನ್ನು ಬಿಡದೆ ಹಿಡಿಯುವುದನ್ನು. ಶ್ರೀಮಠಗಳು ತಲೆಮಾರುಗಳಿಂದ ಈ ಸೀಮೆಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿ, ಅವರು ಮೇಲೇರುವುದನ್ನು ಕೆಳಗೆ ನಿಂತು ನೋಡಿವೆ. ಅದೇ ಕಾರ್ಯದ ಇನ್ನೊಂದು ರೂಪವಾಗಿ ಬಂಡೆಯ ಹಬ್ಬ ನಡೆಯಲಿ. ಮುಂದೊಮ್ಮೆ ಕೃಷ್ಣೆ ಉಕ್ಕಿ ಬಂದ ರಾತ್ರಿ, ಯಾವುದೋ ಹಳ್ಳಿಯ ದಂಡೆಯ ಮೇಲೆ ಲಾಟೀನಿನ ಬೆಳಕಿನಲ್ಲಿ ನಿಂತ ತರುಣಿಯೊಬ್ಬಳು ಪಕ್ಕದವನ ಗಂಟನ್ನು ಮುಟ್ಟಿ ನೋಡಿ, ಇದು ಸರಿಯಿಲ್ಲ, ಬಿಚ್ಚಿ ಮತ್ತೆ ಕಟ್ಟು ಎಂದು ಹೇಳಿದರೆ ಈ ಹಬ್ಬದ ಸಾರ್ಥಕ್ಯಕ್ಕೆ ಬೇರೆ ಪ್ರಮಾಣ ಬೇಕಾಗದು.